ನಗಬಾರದ ಹೆಣ

ರಾಮದುರ್ಗದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಹಿಟ್ಟಿನ ಗಿರಣಿ ಇದೆ. ಮುಂದಿನ ರಸ್ತೆಗೆ ಹೊಸ ಗಿರಣಿ ಬಂದಿದೆ, ಅಲ್ಲಿ ಪಾಳಿ ಹಚ್ಚುವ ಕಾಟವೂ ಇಲ್ಲ. ಆದರೂ ನಾನು ಜೋಳದ ಡಬ್ಬಿ ಹಿಡಿದುಕೊಂಡು ಹಳೆಯದಕ್ಕೇ ಹೋಗುತ್ತೇನೆ. ಅಲ್ಲಿ ಹಿಟ್ಟು ಸಣ್ಣಗೆ ಬೀಳುತ್ತದೆ, ರೊಟ್ಟಿ ಚೆನ್ನಾಗಿ ಬಡಿಯಲು ಬರುತ್ತದೆ ಎಂದು ಮನೆಯವರಿಗೆ ಹೇಳಿದ್ದೇನೆ. ನಿಜವೆಂದರೆ ಆ ಕಲ್ಲಿನಡಿಯಿಂದ ಬಿಸಿಯಾಗಿ ಬೀಳುವ ಹಿಟ್ಟಿನ ವಾಸನೆಗಾಗಿ ಹೋಗುತ್ತೇನೆ. ಅದು ನನ್ನ ಅಪ್ಪನ ವಾಸನೆ.

ಮೊನ್ನೆ ಅಲ್ಲಿ ಪಾಳಿಗೆ ನಿಂತಿದ್ದಾಗ ಹೊರಗೆ ಯಾರೋ ಹೋಳಿಗೆ ಬಾರಿಸುವ ಚರ್ಮದ ಹಲಗೆಯನ್ನು ಬೆಂಕಿಗೆ ಕಾಸಿ, ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಅವತ್ತೇ ಬೆಳಿಗ್ಗೆ ಕಾಲೇಜಿನಲ್ಲಿ ಸಾಹಿತ್ಯ ಮತ್ತು ಸಿನಿಮಾದಲ್ಲಿ ಕರಾಳ ಹಾಸ್ಯ ಎಂಬ ಪಾಠ ಮಾಡಿ ಬಂದಿದ್ದೆ. ಸುರೇಬಾನದಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ನಡುವೆ ಎದ್ದು ನಿಂತು ಕೇಳಿದ್ದಳು: "ಮೇಡಂ, ಸಾವಿನ ಮುಂದ ನಗೂದು ತಪ್ಪಲ್ಲೇನ್ರಿ? ಸತ್ತವರ ಮನಿಯವರಿಗೆ ಎಷ್ಟ ಕೆಟ್ಟ ಅನಸಬಾರದು?" ಲೇಖಕರು ಹೇಳಲಾಗದ್ದನ್ನು ಹೇಳಲು, ಅಧಿಕಾರವನ್ನು ಅಣಕಿಸಲು, ಭಯವನ್ನು ಗೆಲ್ಲಲು ಈ ಹಾಸ್ಯವನ್ನು ಬಳಸುತ್ತಾರೆ ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಕೊಟ್ಟೆ. ಹುಡುಗಿ ಬರೆದುಕೊಂಡು ಕೂತಳು. ಅವಳಿಗೆ ಒಪ್ಪಿಗೆಯಾಗಿರಲಿಲ್ಲ ಎಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹಿಟ್ಟಿನ ವಾಸನೆ, ಹಲಗೆಯ ಸಪ್ಪಳ, ಆ ಹುಡುಗಿಯ ಪ್ರಶ್ನೆ ಒಟ್ಟಿಗೇ ಬಂದು ನನ್ನನ್ನು ಬೈಲಹೊಂಗಲಕ್ಕೆ ಎಳೆದುಕೊಂಡು ಹೋದವು. ತೊಂಬತ್ತರ ದಶಕದ ಕೊನೆಯ ಭಾಗ. ನಾನಾಗ ಧಾರವಾಡದಲ್ಲಿ ಎಂ.ಫಿಲ್ ಮಾಡುತ್ತಿದ್ದೆ. ಆ ವರ್ಷದ ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು.

ನಮ್ಮಪ್ಪ ಗಿರಣಿ ಶಿವಲಿಂಗಪ್ಪ. ಓಣಿಯ ಬಾಯಿಗೇ ನಮ್ಮ ಗಿರಣಿ, ಅದರ ಹಿಂದೆ ಮನೆ. ಕರೆಂಟು ಇದ್ದಾಗ ಗಿರಣಿ, ಹೋದಾಗ ಹರಟೆ ಎಂದು ಅಪ್ಪನ ದಿನ ನಡೆಯುತ್ತಿತ್ತು. ತಲೆ, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲದರ ಮೇಲೂ ಸದಾ ಹಿಟ್ಟು. ಈ ಹಿಟ್ಟಿನ ಕಾರಣಕ್ಕೇ ಅಪ್ಪನಿಗೆ ವರ್ಷಕ್ಕೊಮ್ಮೆ ಒಂದು ದೊಡ್ಡ ಪಾತ್ರ ಸಿಕ್ಕಿತ್ತು. ನಮ್ಮ ಕಡೆ ಹೋಳಿಯಲ್ಲಿ ಅಣಕು ಶವಯಾತ್ರೆ ತೆಗೆಯುತ್ತಾರಲ್ಲ, ನಮ್ಮ ಓಣಿಯ ಯಾತ್ರೆಗೆ ಅಪ್ಪನೇ ಖಾಯಂ ಹೆಣ. "ನಿನಗ ಬಣ್ಣಾ ಹಚ್ಚೂದ ಬ್ಯಾಡ ಮಾರಾಯಾ, ದೇವರ ಹುಟ್ಟಸೂವಾಗನ ಹಚ್ಚಿ ಕಳಿಸ್ಯಾನ" ಎಂದು ಗೆಳೆಯ ಈರಣ್ಣ ಕಾಕಾ ಹೇಳುತ್ತಿದ್ದ. ಈರಣ್ಣ ಕಾಕಾ ನಮ್ಮ ಎದುರುಮನೆಯ ದರ್ಜಿ. ಹೋಳಿಯ ದಿನ ಹೆಂಡತಿಯ ಹಳೆಯ ಇಳಕಲ್ ಸೀರೆ ಉಟ್ಟು, ಹೆಣದ ಹೆಂಡತಿಯಾಗಿ, ಬಾಯಿ ಬಡಿದುಕೊಂಡು ಅಳುವ ಪಾತ್ರ ಅವನದು.

ಈ ಆಟಕ್ಕೆ ಒಂದು ಕಟ್ಟಳೆ ಇತ್ತು. ಹೆಣವನ್ನು ನಗಿಸಬೇಕು. ಹೆಣ ನಗಬಾರದು. ಹೊತ್ತವರು, ಅಳುವವರು, ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ಸೇರಿ ಬೇಕಾದ್ದು ಮಾಡಬಹುದು. ಕಿವಿಯಲ್ಲಿ ಏನಾದರೂ ಹೇಳಬಹುದು, ಮೂಗಿಗೆ ನಶ್ಯ ಹಿಡಿಯಬಹುದು. ಹೆಣ ನಕ್ಕರೆ ಹೆಣವಾದವನೇ ಇಡೀ ಓಣಿಗೆ ಮಿರ್ಚಿ ಭಜಿ, ಚುರಮರಿ ತಿನ್ನಿಸಬೇಕು. ನನಗೆ ತಿಳುವಳಿಕೆ ಬಂದಾಗಿನಿಂದ ಅಪ್ಪ ಒಮ್ಮೆಯೂ ನಕ್ಕಿರಲಿಲ್ಲ. "ಹೆಂಗ ತಡಕೋತಿ ಅಪ್ಪಾ?" ಎಂದರೆ, "ಗಿರಣಿ ಸಪ್ಪಳಾ ನೆನಸ್ಕೋತೇನಿ, ಬ್ಯಾರೇದ ಏನೂ ಕೇಳಸೂದ ಇಲ್ಲ" ಎನ್ನುತ್ತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹೂವು ಕಟ್ಟಿದ, ವಿಮಾನ ಎನ್ನುವ ಮಂಟಪದಲ್ಲಿ ಕೂಡಿಸಿಕೊಂಡೇ ಒಯ್ದು, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಹೀಗಾಗಿ ಹೋಳಿಯ ಹೆಣ ಮಾತ್ರ ಏಣಿಯ ಮೇಲೆ ಅಂಗಾತ ಮಲಗಿಯೇ ಹೋಗಬೇಕು. "ಖರೇದ್ದು ಕುಂತ ಹೋಗತೈತಿ, ಸುಳ್ಳಿಂದು ಮಲಗಿ ಹೋಗತೈತಿ. ಯಮಗ ಗೊಂದಲ ಆಗಬಾರದು ನೋಡ" ಎಂದು ಈರಣ್ಣ ಕಾಕಾ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದ.

ಅವ್ವ ಈ ಯಾತ್ರೆಯನ್ನು ಒಮ್ಮೆಯೂ ನೋಡಿದವಳಲ್ಲ. ಅವತ್ತು ಹಣೆಗೆ ತುಸು ದೊಡ್ಡ ಕುಂಕುಮ ಹಚ್ಚಿಕೊಂಡು, ಅಡುಗೆಮನೆಯಲ್ಲಿ ಹೋಳಿಗೆ ಮಾಡುತ್ತ ಕೂತುಬಿಡುತ್ತಿದ್ದಳು. ಯಾತ್ರೆ ಮುಗಿಸಿ ಅಪ್ಪ ಬಂದಾಗ ಹೊಸ್ತಿಲಲ್ಲಿ ನಿಲ್ಲಿಸಿ ತಲೆಯ ಮೇಲೆ ಒಂದು ಕೊಡ ನೀರು ಸುರಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ನಿಜವಾದ ಮಣ್ಣಿಗೆ ಹೋಗಿ ಬಂದವರಿಗೆ ಮಾಡುವ ಹಾಗೆಯೇ. ಅಪ್ಪ ನಗುತ್ತ ನೀರು ಹಾಕಿಸಿಕೊಳ್ಳುತ್ತಿದ್ದ. ಅವ್ವ ನಗುತ್ತಿರಲಿಲ್ಲ.

ಇಂಥ ಮನೆಯಿಂದ ಹೋದವಳಾದ್ದರಿಂದಲೇ ನಾನು ಎಂ.ಫಿಲ್‌ಗೆ ಕರಾಳ ಹಾಸ್ಯವನ್ನು ಆರಿಸಿಕೊಂಡಿದ್ದೆ. ಧಾರವಾಡದಲ್ಲಿ ಕೆಲವರು ಸೇರಿ ಒಂದು ಸಭಾಂಗಣದಲ್ಲಿ ವಿ.ಸಿ.ಆರ್. ಇಟ್ಟು ಹೊರದೇಶದ ಹಳೆಯ ಸಿನಿಮಾ ತೋರಿಸುತ್ತಿದ್ದರು. ಅಲ್ಲಿ ನೋಡಿದ ಒಂದು ಕಪ್ಪು ಬಿಳುಪು ಸಿನಿಮಾ ನನ್ನ ತಲೆಯಲ್ಲಿ ಕೂತಿತ್ತು. ಮದುವೆಯ ಬೆಳಿಗ್ಗೆ ಮನೆಯ ಅಜ್ಜ ಸಾಯುತ್ತಾನೆ. ಮದುವೆ ನಿಲ್ಲಬಾರದೆಂದು ಅವನಿಗೆ ಟೋಪಿ ಹಾಕಿ ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕೂಡಿಸುತ್ತಾರೆ. ಬಂದವರೆಲ್ಲ ಅವನ ಜೊತೆ ಮಾತಾಡಿ ಹೋಗುತ್ತಾರೆ. ಒಬ್ಬಳಂತೂ ತನ್ನ ಸಂಕಟವನ್ನೆಲ್ಲ ತೋಡಿಕೊಂಡು, ಇಷ್ಟು ಸಮಾಧಾನದಿಂದ ನನ್ನ ಮಾತು ಯಾರೂ ಕೇಳಿರಲಿಲ್ಲ ಎಂದು ಅಜ್ಜನಿಗೆ ಕೈಮುಗಿದು ಎದ್ದು ಹೋಗುತ್ತಾಳೆ. ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದೆ, ಊರಿಗೆ ಹೋದಾಗ ಅಪ್ಪನಿಗೂ ಆ ಕಥೆ ಹೇಳಿದ್ದೆ.

ನಮ್ಮ ಮಾರ್ಗದರ್ಶಕರು ಕಡಿಮೆ ಮಾತಿನವರು. "ನಕ್ಕಿ, ಛಲೋ ಆತು. ಯಾಕ ನಕ್ಕಿ ಅನ್ನೂದನ್ನ ಬರಕೊಂಡ ಬಾ" ಎಂದರು. ನಾನು ಬರೆದುಕೊಂಡು ಹೋದದ್ದೆಲ್ಲ ಸಾವಿನ ಬಗ್ಗೆ ಇತ್ತು. ಅವರು ಓದಿ ತಲೆಯಾಡಿಸಿದರು. "ಸಾವಿನ ಬಗ್ಗೆ ಎಲ್ಲಾರೂ ಬರದಾರ. ಆ ನಗು ಯಾರ ಬಾಯಾಗಿಂದ ಬರಾಕತ್ತೇತಿ, ಯಾರ ಕಿವಿಗೆ ಬೀಳಾಕತ್ತೇತಿ, ಅದನ್ನ ಹುಡುಕು." ಹೊರಗೆ ನಿಂತು ಇನ್ನೊಬ್ಬರ ಮನೆಯ ಹೆಣ ನೋಡಿ ನಗುವವರ ನಗೆ ಬರೀ ಕ್ರೌರ್ಯವಾಗಬಹುದು, ಅದೇ ಮಾತನ್ನು ಆ ಮನೆಯವರೇ ಆಡಿದರೆ ಬೇರೇನೋ ಆಗುತ್ತದೆ ಎನ್ನುವಷ್ಟು ನನಗೂ ಹೊಳೆದಿತ್ತು. ಆ ಬೇರೇನೋ ಏನೆಂಬುದು ಹೊಳೆದಿರಲಿಲ್ಲ. ಆ ಅಧ್ಯಾಯ ಅಲ್ಲಿಗೇ ನಿಂತಿತ್ತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಊರಿಗೆ ಹೋದರೆ ಅಪ್ಪ ಇಳಿದುಹೋಗಿದ್ದ. ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದುಕೊಂಡು ಗಿರಣಿಯಲ್ಲಿ ನಿಲ್ಲುತ್ತಿದ್ದ. ಬೆಳಗಾವಿಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಮುಗಿದ ಮೇಲೆ ಡಾಕ್ಟರು ಅಪ್ಪನನ್ನು ಒಳಗೇ ಕೂಡಿಸಿ, ನನ್ನನ್ನೂ ಈರಣ್ಣ ಕಾಕಾನನ್ನೂ ಹೊರಗೆ ಕರೆದರು. ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದು ನೋಡಿದ ಮೇಲೆಯೇ ಮುಂದಿನದು ಹೇಳಬಹುದು, ಮೀರಜಿಗೆ ಕರೆದುಕೊಂಡು ಹೋಗಿ ಎಂದರು. ಮೀರಜಿನಲ್ಲಿ ಹೋಳಿ ಮುಗಿದ ವಾರಕ್ಕೆ ಆಪರೇಷನ್ನಿನ ದಿನ ಸಿಕ್ಕಿತು. ಅಪ್ಪನಿಗೆ ಮಾತ್ರ ಹೊಟ್ಟೆಯ ಹುಣ್ಣು ಎಂದು ಹೇಳಿದೆವು. ಅವ್ವ, ಈರಣ್ಣ ಕಾಕಾ, ನಾನು ಮೂವರೂ ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆವೆಂದರೆ ನಮಗೇ ಧೈರ್ಯ ಬಂದಿತ್ತು.

ಆ ಧೈರ್ಯ ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಲ್ಲಿದ್ದ ಮಿರ್ಚಿಯನ್ನು ಎತ್ತಿ ಹಿಡಿದು ನನಗೆ ತೋರಿಸಿದ.

"ಸುಮಾ, ಹುಣ್ಣ ಆದವಗ ಖಾರಾ ಕೊಡತಾರೇನ?"

ನಾನು ಅವ್ವನ ಮುಖ ನೋಡಿದೆ. ಅವ್ವ ಒಲೆಯ ಮುಖ ನೋಡಿದಳು.

"ಲಗ್ನ ಆದಾಗಿಂದ ನಿಮ್ಮವ್ವ ನನಗ ಮಿರ್ಚಿ ತಿನ್ನಾಕ ಬಿಟ್ಟಿಲ್ಲ. ಬೆಳಗಾಂವಿಯಿಂದ ಬಂದ ಮ್ಯಾಲ ಏನ ಬೇಕಾದ್ದ ತಿನ್ನರಿ ಅನ್ನಾಕ ಹತ್ಯಾಳ. ಅವತ್ತ ನನಗ ಗೊತ್ತಾತು, ಇದು ಹುಣ್ಣಲ್ಲ." ಅಷ್ಟು ಹೇಳಿ ಅಪ್ಪ ಮಿರ್ಚಿಯನ್ನು ಕಚ್ಚಿ, ಕಣ್ಣು ಮುಚ್ಚಿ ಸವಿದ. ಅವ್ವ ಎದ್ದು ಹಿತ್ತಲಿಗೆ ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ನಗಿಸುವವನು ಅಪ್ಪ ಒಬ್ಬನೇ. ಉಳಿದವರೆಲ್ಲ ಮೆತ್ತಗೆ ಮಾತಾಡುತ್ತಿದ್ದೆವು. ಗಿರಣಿಗೆ ಬರುವ ಹೆಂಗಸರು ಮೊದಲು, "ಶಿವಲಿಂಗಣ್ಣಾ, ನನ್ನ ಜ್ವಾಳಾ ಅರ್ಧಾ ನಿನ್ನ ಮೀಸಿಗೇ ಹೋತಲ್ಲೋ" ಎಂದು ಜಗಳ ತೆಗೆಯುತ್ತಿದ್ದರು. ಈಗ ಡಬ್ಬಿ ಇಟ್ಟು, ಅಪ್ಪನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಹೆಂಗ ಅದೀರಿ ಅಣ್ಣಾರ?" ಎನ್ನುತ್ತಿದ್ದರು. ನಾನು ಧಾರವಾಡಕ್ಕೆ ವಾಪಸು ಹೋಗಲೇ ಇಲ್ಲ. ಗಿರಣಿಯ ಬೆಲ್ಟು ತಪ್ಪಿ ಫಟ್ಟೆಂದರೂ, ಮಾಳಿಗೆಯ ಮೇಲೆ ಕಾಗೆ ಕೂತರೂ ಓಡಿಹೋಗಿ ಅಪ್ಪನನ್ನು ನೋಡಿ ಬರುತ್ತಿದ್ದೆ. ಅಧ್ಯಾಯ ಬರೆಯಲು ಕೂತರೆ 'ಸಾವು' ಎಂಬ ಪದ ಬರುವಲ್ಲೆಲ್ಲ ಪೆನ್ನು ಎತ್ತಿ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದೆ.

ಹೋಳಿ ಹತ್ತಿರ ಬಂತು. ಈ ವರ್ಷ ಹೆಣ ಬೇರೆಯವರು ಆಗಲಿ ಎಂದು ಓಣಿಯವರೇ ಮಾತಾಡಿಕೊಂಡಿದ್ದರು. ಅದನ್ನು ಹೇಳಲು ಬಂದ ಈರಣ್ಣ ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕುಡಿದನೇ ಹೊರತು ಬಾಯಿ ಬಿಡಲಿಲ್ಲ. ಕೊನೆಗೆ ಅಪ್ಪನೇ ಕೇಳಿದ: "ಯಾರನ್ನ ಮಲಗಸಾವ್ರು?"

"ನೋಡೂಣು..."

"ನೋಡೂದೇನ ಬಂತು? ನಾ ಮಲಗತೇನಿ."

ಒಳಗಿನಿಂದ ಅವ್ವ ಬಂದಳು. "ಒಲ್ಲೆರಿ. ಈ ವರ್ಷ ಒಟ್ಟ ಒಲ್ಲೆ. ಬ್ಯಾರೇದವರು ಯಾರರ ಮಲಗಲಿ."

"ಬ್ಯಾರೇದವರು ನಗತಾರ."

"ನಗಲಿ ಬಿಡ್ರಿ! ನಕ್ಕರ ಏನ ಆಗತೈತಿ?"

ಅಪ್ಪ ಅವ್ವನ ಕಡೆ ತಿರುಗಿ ಹೇಳಿದ: "ಮೀರಜಿಗೆ ಬರಾಂಗಿಲ್ಲ ಅಂದೇನೇನ ನಾ? ಬರತೇನಿ. ಕೊಯ್ತಾರ, ಕೊಯ್ಸ್ಕೋತೇನಿ. ಆದರ ಹೋಳಿ ಮುಗಿಸ್ಕೊಂಡ ಬರತೇನಿ. ಇಷ್ಟ ವರ್ಷ ಸತ್ತ ಸತ್ತ ಎದ್ದೇನಿ. ಈಗ ಖರೇನ ಎದ್ದ ಬರೂ ವ್ಯಾಳ್ಯಾದಾಗ ಆ ರೂಢಿ ತಪ್ಪಸೂದೇನು?"

ನಾನು ಸಿಟ್ಟಿನಿಂದ, "ಅಪ್ಪಾ, ಮಂದಿ ಏನಂದಾರು? ನನಗ ನೋಡಾಕ ಆಗೂದಿಲ್ಲ" ಎಂದೆ.

"ನೀ ಧಾರವಾಡದಾಗ ಇದನ್ನ ಓದಾಕತ್ತಿ ಅಲ್ಲಾ?"

"ಓದೂದ ಬ್ಯಾರೆ ಅಪ್ಪಾ."

"ಬ್ಯಾರೆನ ಐತಿ ಖರೆ, ಮಗಳ" ಎಂದು ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. "ಸಿನಿಮಾದಾಗಿನ ಮುದುಕಾ ನಿಮ್ಮಪ್ಪ ಅಲ್ಲ." ಅವನ ಕೈಯ ಹಿಟ್ಟು ನನ್ನ ಕೂದಲಲ್ಲಿ ಉಳಿಯಿತು.

ಹೋಳಿಯ ದಿನ ಬೆಳಿಗ್ಗೆ ಓಣಿಯಲ್ಲಿ ಎಂದಿನ ಹಾಗೆ ಜನ ಕೂಡಿದರು. ಹೆಂಗಸರು ಯಾತ್ರೆಯ ಹಿಂದೆ ಹೋಗುವ ಪದ್ಧತಿ ಇರಲಿಲ್ಲ. ನಾನು ಗುಳಿಗೆ ಮತ್ತು ನೀರಿನ ತಂಬಿಗೆ ಹಿಡಿದುಕೊಂಡು ಹೊರಟು ನಿಂತೆ, ಯಾರೂ ಬೇಡ ಎನ್ನಲಿಲ್ಲ. ಅವ್ವ ಅಡುಗೆಮನೆ ಸೇರಿದ್ದಳು. ಏಣಿ ತಂದು ಹುಲ್ಲು ಹಾಸಿದರು. ಅಪ್ಪ ಅದರ ಮೇಲೆ ಅಂಗಾತ ಮಲಗಿದ, ಮರುಕ್ಷಣ ತುಟಿ ಕಚ್ಚಿಕೊಂಡು ಎದ್ದು ಕೂತ. ಮತ್ತೊಮ್ಮೆ ಪ್ರಯತ್ನಿಸಿದ. ಗಡ್ಡೆ ಅವನನ್ನು ಬೆನ್ನು ಚಾಚಿ ಮಲಗಲು ಬಿಡುತ್ತಿರಲಿಲ್ಲ.

ಆಗ ಈರಣ್ಣ ಕಾಕಾ, ಮನಸ್ಸಿನಲ್ಲಿ ಒಂದಿಷ್ಟೂ ಬೇರೆ ವಿಚಾರವಿಲ್ಲದೆ, "ಕುರ್ಚಿ ತರ್ರಿ" ಎಂದ. ಗಿರಣಿಯ ಕಟ್ಟಿಗೆಯ ಕುರ್ಚಿ ತಂದು ಎರಡು ಗಳಗಳಿಗೆ ಬಿಗಿದರು. ಬೆನ್ನಿಗೆ ಒತ್ತದಿರಲೆಂದು ಯಾರೋ ತಲೆದಿಂಬು ತಂದಿಟ್ಟರು. ಹೊತ್ತು ನಡೆಯುವಾಗ ಮುಗ್ಗರಿಸಬಾರದೆಂದು ಎದೆಯ ಮೇಲಿಂದ ಒಂದು ಪಂಚೆ ಹಾಯಿಸಿ ಕುರ್ಚಿಗೆ ಕಟ್ಟಿದರು. ಏಣಿಗೆಂದು ತಂದ ಚೆಂಡು ಹೂವಿನ ಮಾಲೆಗಳನ್ನು ಕುರ್ಚಿಗೆ ಇಳಿಬಿಟ್ಟರು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಕುರ್ಚಿಯನ್ನು ಎತ್ತಿ ಹೆಗಲಿಗೆ ಇಟ್ಟುಕೊಂಡ ಮೇಲೆ, ಹಿಟ್ಟು ಬಳಿದ ಹಣೆ, ಮುಚ್ಚಿದ ಕಣ್ಣು, ಕೊರಳವರೆಗೆ ಹೂವು ಹೊತ್ತು ನೆಟ್ಟಗೆ ಕುಳಿತ ಅಪ್ಪನನ್ನು ತಲೆಯೆತ್ತಿ ನೋಡಿದೆ. ಖರೇದ್ದು ಹೋಗುವುದೂ ಹೀಗೆಯೇ, ಕೂತು. ಎಲ್ಲರಿಗೂ ಅದೇ ಹೊತ್ತಿಗೆ ಕಂಡಿರಬೇಕು. ಇಳಿಸಿರಿ ಎನ್ನುವ ಧೈರ್ಯ ಮಾತ್ರ ಒಬ್ಬರಿಗೂ ಬರಲಿಲ್ಲ.

ಯಾತ್ರೆ ಹೊರಟಿತು. ಕುರ್ಚಿ ಜಗ್ಗಾಡಿದರೆ ಹೊಟ್ಟೆ ನೋಯುತ್ತದೆಂದು ಹೊತ್ತವರು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಿಧಾನ ನಡೆದರು. ಅವರ ಹೆಜ್ಜೆಗೆ ಹೊಂದಿಸಲು ಹಲಗೆಯವರು ಬಡಿತ ನಿಧಾನ ಮಾಡಿದರು. ನಿಧಾನವಾದ ಹಲಗೆ ಹೋಳಿಯ ಹಲಗೆಯಾಗಿ ಉಳಿಯುವುದಿಲ್ಲ. ಅಪ್ಪನ ಮೈಮೇಲೆ ಬಣ್ಣ ಎರಚಲು ಯಾರಿಗೂ ಕೈ ಬರಲಿಲ್ಲ. ಪ್ರತಿ ವರ್ಷ ಶೇಂಗಾ ಸಿಪ್ಪೆ ತೂರುತ್ತಿದ್ದವರು ಮುಷ್ಟಿ ಬಿಗಿಹಿಡಿದೇ ನಡೆಯುತ್ತಿದ್ದರು. ಈರಣ್ಣ ಕಾಕಾ ಸೀರೆಯ ಸೆರಗು ಸರಿಪಡಿಸಿಕೊಂಡು, "ಎದ್ದ ಹೋದ್ಯಲ್ಲೋ ನನ ದೊರಿಯೇ" ಎಂದು ಸುರುಮಾಡಿದ. ಮುಂದಿನ ಸಾಲು ಬರಲಿಲ್ಲ. ಕೆಮ್ಮಿ ಮತ್ತೆ ಅದನ್ನೇ ಎಂದ.

ಓಣಿ ದಾಟಿ ಪೇಟೆಗೆ ತಿರುಗಿದೆವು. ಅಪ್ಪನ ಕಾಯಿಲೆ ಗೊತ್ತಿದ್ದ ಬಟ್ಟೆ ಅಂಗಡಿಯವರು ಗಾದಿಯಿಂದ ಎದ್ದು ನಿಂತರು. ಅವರ ಕೈ ತಾನಾಗಿಯೇ ಜೋಡಿಸಿಕೊಂಡಿತು. ಸೈಕಲ್ ಮೇಲೆ ಬರುತ್ತಿದ್ದವನೊಬ್ಬ ಕೆಳಗಿಳಿದು ಚಪ್ಪಲಿ ಬಿಟ್ಟ. ನೇಸರಗಿಯ ಬಸ್ಸಿನಿಂದ ಇಳಿದಿದ್ದ ಒಬ್ಬ ಮುದುಕಿ ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಟ್ಟು ನನ್ನ ಕೈ ಹಿಡಿದಳು.

"ಯಾರವ್ವಾ ಹೋದಾವ್ರು?"

ಆಕೆ ನನ್ನ ಮುಖವನ್ನೂ ಕುರ್ಚಿಯನ್ನೂ ನೋಡಿದಳು. "ನಿಮ್ಮಪ್ಪ ಅದಾರೇನು? ಎಷ್ಟ ಶಾಂತ ಐತಿ ನೋಡ ಮಾರಿ. ಪುಣ್ಯವಂತರು" ಎಂದು ಅಪ್ಪನಿಗೆ ಶರಣು ಮಾಡಿದಳು.

ಅದು ಈರಣ್ಣ ಕಾಕಾನಿಗೂ ಕೇಳಿಸಿತು. ಅವನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತುಬಿಟ್ಟ. ಅವನ ಹೆಗಲು ಅಲುಗುತ್ತಿತ್ತು. ಅದು ಆಟದ ಅಳು ಆಗಿರಲಿಲ್ಲ. ಹೊತ್ತವರು ನಿಂತರು, ಹಲಗೆ ನಿಂತಿತು. ಹೋಳಿಯ ದಿನ, ಅಷ್ಟು ಜನ ಇದ್ದ ಪೇಟೆ ಗಪ್ಪಾಯಿತು.

ಆಗ ಮೇಲಿನಿಂದ, ಕಣ್ಣು ಮುಚ್ಚಿಕೊಂಡೇ, ಅಪ್ಪ ಸಣ್ಣ ದನಿಯಲ್ಲಿ ಕರೆದ. "ಈರ್ಯಾ... ಯಾಕ ಸುಮ್ಮನಾದಿ? ಅಳೋ."

ಈರಣ್ಣ ಕಾಕಾ ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಅಪ್ಪನ ಎರಡೂ ಕೈ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದವು. ರೆಪ್ಪೆಗಳು ಅದುರುತ್ತಿದ್ದವು. ಅಪ್ಪನಿಗೆ ಹೆದರಿಕೆಯಾಗಿತ್ತು. ನನ್ನ ಜೀವನದಲ್ಲಿ ಮೊದಲ ಸಲ ನಾನು ಅದನ್ನು ಕಂಡೆ. ಇಷ್ಟು ದಿನ ಅವನು ಆಡಿದ ಮಾತೆಲ್ಲ ಈ ಹೆದರಿಕೆಯ ಮೇಲೆಯೇ ನಡೆದಿತ್ತು, ನಾವು ಅದಕ್ಕೊಂದು ನಗೆಯನ್ನೂ ಜೋಡಿಸಿರಲಿಲ್ಲ. ಈಗ ಎಲ್ಲರೂ ಸೇರಿ, ಕಾಳಜಿಯಿಂದ, ಹೂವು ಕಟ್ಟಿ, ಅವನನ್ನು ನಡುಪೇಟೆಯಲ್ಲಿ ನಿಜವಾದ ಹೆಣ ಮಾಡಿ ನಿಲ್ಲಿಸಿದ್ದೆವು. ಇನ್ನು ಇಳಿಸಿದರೂ ಅವನು ಈ ಕುರ್ಚಿಯಿಂದ ಇಳಿಯುವುದಿಲ್ಲ, ಮೀರಜಿಗೂ ಹೀಗೆಯೇ ಹೋಗುತ್ತಾನೆ ಅನಿಸಿತು.

ಜನ ಸರಿದು ದಾರಿ ಬಿಟ್ಟದ್ದು ಆಗಲೇ. ಅವ್ವ ಬರುತ್ತಿದ್ದಳು. ತಲೆಯ ಮೇಲೆ ಸೆರಗು, ಮೊಣಕೈವರೆಗೆ ಹೂರಣ. ಒಲೆಯ ಮುಂದೆ ಕೂತವಳಿಗೆ ಹಲಗೆಯ ಸಪ್ಪಳ ಬದಲಾದದ್ದು ಕೇಳಿಸಿತ್ತಂತೆ. ಆಮೇಲೆ ಅದು ನಿಂತದ್ದೂ ಕೇಳಿಸಿ, ಕಾಯಲು ಇಟ್ಟ ಹೆಂಚನ್ನು ಹಾಗೆಯೇ ಬಿಟ್ಟು ಎದ್ದು ಬಂದಿದ್ದಳು. ಕುರ್ಚಿಯನ್ನು ನೋಡಿದಳು. ಒಂದು ಗಳಿಗೆ ಅವಳ ಮುಖ ನೋಡಲಾಗದಂತಾಯಿತು. ನಾನು ಅವಳನ್ನು ಹಿಡಿದುಕೊಳ್ಳಲು ಮುಂದೆ ಹೋದೆ. ಅವಳು ನನ್ನನ್ನು ದಾಟಿ ಈರಣ್ಣ ಕಾಕಾನ ಮುಂದೆ ನಿಂತಳು.

"ಸರಿ ಆಕಡೆ. ನಿನಗ ಅಳಾಕ ಬರೂದಿಲ್ಲ" ಎಂದಳು.

ನಡುರಸ್ತೆಯಲ್ಲಿ, ಕುರ್ಚಿಯ ಮುಂದೆ, ಕಾಲು ಮಡಚಿ ಕೂತಳು. ನೆಲ ಬಡಿದು ಸುರುಮಾಡಿದಳು. ನಮ್ಮ ಕಡೆಯ ಹೆಂಗಸರು ಗಂಡನಿಗೆ ಬದುಕಿದ್ದಾಗ ನೀವು, ರೀ ಎನ್ನುತ್ತಾರೆ. ಸತ್ತಾಗ ಹಾಡಿ ಅಳುವಾಗ ಮಾತ್ರ ನೀನು ಎನ್ನುತ್ತಾರೆ. ಅವ್ವನ ಬಾಯಿಂದ ಅಪ್ಪನಿಗೆ ಆ ಏಕವಚನ ಬಂದದ್ದನ್ನು ನಾನು ಕೇಳಿದ್ದು ಅವತ್ತೇ.

"ಎದ್ದ ಹೋದ್ಯಲ್ಲೋ ನನ ದೊರಿಯೇ... ಗಿರಣಿ ಬೆಲ್ಟ ಹರದೈತಂತ ನನ ತವರಮನಿ ಸೀರಿ ಅಂಚ ಹರದ ಕಟ್ಟಿದ್ಯಲ್ಲೋ... ಆ ಸೀರಿ ಇನ್ನ ಯಾರಿಗೆ ಕೇಳಲೋ..."

ಗುಂಪಿನಲ್ಲಿ ಯಾರೋ ಉಸಿರು ಬಿಟ್ಟರು. ಅಪ್ಪನ ರೆಪ್ಪೆ ಅದುರುವುದು ನಿಂತಿತು.

"ಗೊರಕಿ ಹೊಡದ ಓಣಿ ಕಾಯ್ತಿದ್ಯಲ್ಲೋ ನನ ದೊರಿಯೇ... ನಿನ್ನ ಭರೋಸಾದ ಮ್ಯಾಲ ನಾಯಿ ಮಲಗತಿದ್ದೂವಲ್ಲೋ... ಇನ್ನ ಕಳ್ಳರ ಬಂದರ ನಾಯೀನ ಯಾರ ಎಬ್ಬಸ್ತಾರೋ..."

ಹಿಂದೆ ಯಾರೋ ಕಿಸಕ್ಕೆಂದರು. ಹೊತ್ತವರ ಪೈಕಿ ಒಬ್ಬ ತಲೆ ತಗ್ಗಿಸಿಕೊಂಡ. ಅಪ್ಪ ತುಟಿ ಬಿಗಿಹಿಡಿದಿದ್ದ. ಗಿರಣಿಯ ಸಪ್ಪಳವನ್ನು ನೆನೆಸಿಕೊಳ್ಳುತ್ತಿದ್ದನೋ ಏನೋ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಅವನ ಮುಖವನ್ನೇ ನೋಡುತ್ತ, ದನಿ ಇನ್ನೂ ಎತ್ತರಿಸಿದಳು.

"ಲಗ್ನದಾಗ ಕುದರಿ ಏರಿಸಿದರ ಬಾಲದ ಕಡೆ ಮಾರಿ ಮಾಡಿ ಕುಂತಿದ್ಯಲ್ಲೋ ನನ ದೊರಿಯೇ... ನಮ್ಮ ತವರವರ ಮುಂದ ನನ್ನ ಮಾನಾ ಕಳದಿದ್ಯಲ್ಲೋ... ಇವತ್ತರ ಸರಿ ಮಾರಿ ಮಾಡ್ಕೊಂಡ ಕುಂತೀಯಲ್ಲೋ..."

ಅಪ್ಪ ನಕ್ಕ. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಹೊಟ್ಟೆ ಅಲುಗಿತು, ಆಮೇಲೆ ಬಾಯಿ ತೆರೆದು, ಕಣ್ಣು ಬಿಟ್ಟು ನಕ್ಕ. ನಗುತ್ತಲೇ ಪಕ್ಕೆ ಒತ್ತಿ ಹಿಡಿದುಕೊಂಡು, "ಸಾಕ ಬಿಡ ಮಾರಾಯ್ತಿ, ನಗಸಬ್ಯಾಡ, ಹೊಟ್ಟಿ ನೋಯತೈತಿ" ಎಂದ.

"ಸತ್ತಾವಗ ಹೊಟ್ಟಿ ಎಲ್ಲಿ ನೋಯತೈತಿ?" ಅವ್ವ ಗದರಿಸಿದಳು. "ಸುಮ್ಮನ ಕುಂದರು!"

ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಕ್ಕಿತು. ಶರಣು ಮಾಡಿದ್ದ ಮುದುಕಿ, "ಅಯ್ಯ ಶಿವನ, ಎದ್ದ ಕುಂತಾನಲ್ಲೋ!" ಎಂದು ನನ್ನನ್ನು ತಬ್ಬಿಕೊಂಡು ಚೀರಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಬಟ್ಟೆ ಅಂಗಡಿಯವರು ಮುಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು. ಹಲಗೆ ತನ್ನ ಹಳೆಯ ಓಟಕ್ಕೆ ಬಿದ್ದಿತು. ಶೇಂಗಾ ಸಿಪ್ಪೆ ಹಾರಿತು, ಬಣ್ಣ ಹಾರಿತು. ಈರಣ್ಣ ಕಾಕಾ ಕಣ್ಣೊರೆಸಿಕೊಂಡು, "ಹೆಣ ನಕ್ಕೇತಿ! ಮಿರ್ಚಿ ಚುರಮರಿ!" ಎಂದು ಸೀರೆ ಎತ್ತಿ ಕಟ್ಟಿ ಕುಣಿದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಮನೆಗೆ ಬಂದಾಗ ಅವ್ವ ಎಂದಿನಂತೆ ಹೊಸ್ತಿಲಲ್ಲಿ ಅಪ್ಪನನ್ನು ನಿಲ್ಲಿಸಿದಳು. ಎತ್ತಿ ಸುರಿದ ಕೊಡದ ಅರ್ಧ ನೀರು ಅವಳ ಮೈಮೇಲೆಯೇ ಬಿತ್ತು. "ನೀರ ಹಾಕೇನಿ, ಇನ್ನ ಒಳಗ ಬರ್ರಿ" ಎಂದಳು. ಅವಳ ಬಾಯಿಗೆ 'ರಿ' ಮರಳಿ ಬಂದಿತ್ತು.

ಮೀರಜಿನಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ದಿನ ನಾವು ಮೂವರೂ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆವು. ಅಪ್ಪನಿಗೆ ಯಾವುದೋ ಸೂಜಿ ಹಾಕಿದ್ದರು, ನೋವು ಅಷ್ಟಿರಲಿಲ್ಲ. ಹಸಿರು ಅರಿವೆ ತೊಡಿಸಿ, ಗಾಲಿಯ ಮಂಚದ ಮೇಲೆ ಅಂಗಾತ ಮಲಗಿಸಿದರು. ಮಂಚ ದೂಡುವಾಗ ಅಪ್ಪ ಕೈ ಎತ್ತಿ ನಿಲ್ಲಿಸಿದ.

"ಈರ್ಯಾ, ನೋಡಿದ್ಯಾ? ಮಲಗಿಸಿ ಒಯ್ಯಾಕತ್ತಾರ."

ಈರಣ್ಣ ಕಾಕಾ ಆ ಕೈಯನ್ನು ಹಿಡಿದು ಹೇಳಿದ: "ಹೂಂನಪಾ. ಅಂದರ ಸುಳ್ಳಿಂದು."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಿರುವಾಗಲೇ ಬಾಗಿಲು ಮುಚ್ಚಿತು. ಮುಂದಿನ ಅಷ್ಟೂ ಹೊತ್ತನ್ನು ನಾವು ಆ ಒಂದು ಮಾತನ್ನು ಹಿಡಿದುಕೊಂಡು ಕಳೆದೆವು. ಅದು ಸುಳ್ಳಿನ ಯಾತ್ರೆಯೇ ಆಯಿತು. ಅಪ್ಪ ಎದ್ದು ಬಂದ. ಆ ಮಳೆಗಾಲ ಪೂರ್ತಿ ಗಿರಣಿಯ ಕುರ್ಚಿಯಲ್ಲಿ ಕೂತು, ಅವ್ವನಿಗೆ ಕಾಣದಂತೆ ಮಿರ್ಚಿ ತರಿಸಿ ತಿಂದ. ಕಾಣದಂತೆ ತಿನ್ನಬೇಕಾಗಿ ಬಂದದ್ದೇ ಅವನಿಗೆ ದೊಡ್ಡ ಸಮಾಧಾನವಾಗಿತ್ತು. ನಾನು ಧಾರವಾಡಕ್ಕೆ ಹೋಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬಿ ಅಧ್ಯಾಯ ಮುಗಿಸಿದೆ.

ನಿನ್ನೆ ಆ ಸುರೇಬಾನದ ಹುಡುಗಿಯನ್ನು ಕರೆದು ಇದನ್ನೆಲ್ಲ ಹೇಳಿದೆ. ನಗುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ನೋಡಬೇಕವ್ವಾ, ಸಿನಿಮಾ ನೋಡುವಾಗಲೂ ಕಥೆ ಓದುವಾಗಲೂ ಅದನ್ನೇ ನೋಡು ಎಂದೆ. ಅವಳು ಕೇಳಿದಳು: "ಆಮ್ಯಾಲ ಅಪ್ಪಾರು ಖರೇನ ಹೋದಾಗ, ಅವ್ವಾರು ಅತ್ತರೇನ್ರಿ ಮೇಡಂ?"

ಮುಂದಿನ ಹೋಳಿಗೆ ಅಪ್ಪ ಇರಲಿಲ್ಲ. ಗಡ್ಡೆ ಮತ್ತೆ ಬಂದಿತ್ತು. ಮಾಘದ ಒಂದು ಮುಂಜಾನೆ ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದೆವು. ವಿಭೂತಿ ಹಚ್ಚಿದ್ದೆವು, ಹೂವು ಏರಿಸಿದ್ದೆವು. ಭಜನೆಯವರು ಬಂದಿದ್ದರು. ಅವ್ವ ಅವನೆದುರು ಕಾಲು ಮಡಚಿ ಕೂತು, ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ. ಅದು ಬಂಧುಗಳಿಗೆ ಸಂಕಟವಾಗಿ, ಹಿರಿಯ ಹೆಂಗಸೊಬ್ಬರು ಅವಳ ಬೆನ್ನ ಮೇಲೆ ಕೈಯಾಡಿಸಿದರು.

"ಅಳ ಗಂಗವ್ವಾ. ಎದಿಯಾಗ ಇಟಗೋಬ್ಯಾಡ. ಹಾಡಿ ಅತ್ತ ಬಿಡ."

ಅವ್ವ ಅಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನಂದು ಅತ್ತಾಗೇತ್ರಿ ಅಕ್ಕಾರ" ಎಂದಳು. "ಅವರು ಕೇಳ್ಯಾರ."